ಕ್ಷಮೆ ಕೇಳುವ ಸಂಪ್ರದಾಯ: ಹವಾಯಿಯಲ್ಲೂ ನಮ್ಮಲ್ಲೂ

ಒಂದೇ ಮಣೆಯ ಮೇಲೆ ಕುಳಿತು ಅಕ್ಷರ ಕಲಿತವರೆಲ್ಲರೂ ಸುವರ್ಣ ಮಹೋತ್ಸವದ ನೆಪದಲ್ಲಿ ಮತ್ತೆ ಒಂದೆಡೆ ಸೇರುವುದು ಸಂತೋಷದ ಸಂಗತಿ. ಹಾಗೆ ಸೇರುವವರಲ್ಲಿ ಹೊಲದ ಬದುವಿಗಾಗಿಯೋ ಕೊಳವೆಬಾವಿಯ ನೀರಿಗಾಗಿಯೋ ಮನೆಯ ಪಾಲಿಗಾಗಿಯೋ ಮಾತು ಬಿಟ್ಟ ಅಣ್ಣತಮ್ಮಂದಿರೂ ಇರುತ್ತಾರೆಂಬುದನ್ನು ನಾವು ಬಲ್ಲೆವು. ಅಂಥವರ ಮನೆಯ ಮದುವೆ ಮುಂಜಿಗಳಲ್ಲಿ ಮಕ್ಕಳು ಸಹ ದೂರವೇ ನಿಲ್ಲುತ್ತಾರೆ. ಈ ಮನಸ್ತಾಪಕ್ಕೆ ಮದ್ದೇನೆಂಬುದನ್ನು ಕುರಿತು ಕೆಲವು ಮಾತುಗಳನ್ನು ಓದುಗರ ಮುಂದಿಡಬಯಸುತ್ತೇನೆ.

ಪೆಸಿಫಿಕ್ ಮಹಾಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ ‘ಹೋಓಪೋನೋಪೋನೋ’ ಎಂಬ ಪ್ರಾಚೀನ ಪದ್ಧತಿಯುಂಟು. ‘ಸರಿಪಡಿಸುವುದು’ ಎಂದು ಅದರ ಅರ್ಥ. ಅಲ್ಲಿನ ವಿದುಷಿ ಮೇರಿ ಕವೇನ ಪುಕುಯಿ ಮತ್ತು ಅವರ ಸಂಗಡಿಗರು 1972ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವಿವರಗಳಿವೆ. ಕುಟುಂಬದವರೆಲ್ಲ ಒಬ್ಬ ಹಿರಿಯರ ಮುಂದೆ ಕೂಡುತ್ತಾರೆ. ಮೊದಲು ಪ್ರಾರ್ಥನೆ, ಬಳಿಕ ಸಮಸ್ಯೆಯ ನಿರೂಪಣೆ. ಪರಸ್ಪರ ಬೈದಾಡಲು ಅವಕಾಶವಿಲ್ಲದಂತೆ ಪ್ರತಿಯೊಬ್ಬರೂ ಹಿರಿಯರನ್ನು ಉದ್ದೇಶಿಸಿಯೇ ಮಾತನಾಡಬೇಕು. ಕೋಪವೇರಿದರೆ ಹಿರಿಯರು ಎಲ್ಲರನ್ನೂ ಕೆಲಹೊತ್ತು ಮೌನದಲ್ಲಿರಿಸುತ್ತಾರೆ. ತಪ್ಪಿತಸ್ಥರು ತಪ್ಪನ್ನೊಪ್ಪಿ ಕ್ಷಮೆ ಕೇಳುತ್ತಾರೆ. ನಷ್ಟವಾಗಿದ್ದರೆ ಅದನ್ನು ತುಂಬಿಕೊಡುವ ಏರ್ಪಾಡೂ ಆಗುತ್ತದೆ. ಕೊನೆಗೆ ಇಬ್ಬರೂ ಒಬ್ಬರನ್ನೊಬ್ಬರು ಆ ಗಂಟಿನಿಂದ ಬಿಡಿಸಿ, ಎಲ್ಲರೂ ಕೂಡಿ ಉಣ್ಣುತ್ತಾರೆ.

ಈಚೆಗೆ ಜಗತ್ತಿನಾದ್ಯಂತ ಇದರ ಒಂದು ಸುಲಭ ರೂಪ ಪ್ರಚಾರದಲ್ಲಿದೆ. ಕ್ಷಮೆ, ಕೃತಜ್ಞತೆ, ಪ್ರೀತಿಗಳನ್ನು ಸೂಚಿಸುವ ನಾಲ್ಕು ಮಾತುಗಳನ್ನು ಏಕಾಂತದಲ್ಲಿ ಜಪಿಸಿದರೆ ಸಾಕೆಂದು ಹೇಳಲಾಗುತ್ತದೆ. ಇದರಿಂದ ಮನಸ್ಸು ಶಾಂತವಾಗಬಹುದು, ಬೇಡವೆನ್ನಲಾರೆ. ಆದರೆ ಬದುವನ್ನು ಒತ್ತಿಕೊಂಡವನು ಕೋಣೆಯೊಳಗೆ ಕುಳಿತು ಜಪಿಸಿದ ಮಾತ್ರಕ್ಕೆ ಬದು ಹಿಂದೆ ಸರಿಯುವುದಿಲ್ಲ. ಎದುರುಬದುರು ಕೂಡುವುದೇ ಮೂಲಪದ್ಧತಿಯ ಜೀವಾಳವೆಂದು ನನ್ನ ಅಭಿಪ್ರಾಯ.

ಇಂಥ ಸಂಸ್ಕಾರ ನಮ್ಮಲ್ಲಿಯೂ ಉಂಟು. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಟ್ಟು ‘ಒಳ್ಳೆಯ ಮಾತಾಡು’ ಎನ್ನುತ್ತೇವೆ. ದಶಲಕ್ಷಣ ಪರ್ವದ ನಂತರ ಜೈನ ಬಂಧುಗಳು ಕ್ಷಮಾವಣಿಯಂದು ಪರಸ್ಪರ ಕ್ಷಮೆ ಯಾಚಿಸುತ್ತಾರೆ. ವಿಜಯದಶಮಿಯಂದು ಎಲೆ ಕೊಟ್ಟು ಹಿರಿಯರ ಕಾಲಿಗೆರಗುತ್ತೇವೆ. ಕನ್ನಡದ ಮನೆಯಲ್ಲಿ ಅದು ಬನ್ನಿ, ತೆಲುಗಿನ ಮನೆಯಲ್ಲಿ ಜಮ್ಮಿ, ಎಲೆ ಒಂದೇ.

ಗಡಿನಾಡಿನ ನಮಗೆ ಇದರ ಅಗತ್ಯ ಹೆಚ್ಚು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ನಂಟರಿಷ್ಟರು ಎರಡು ರಾಜ್ಯಗಳವರಾದರು. 2022ರಲ್ಲಿ ಮಡಕಶಿರವು ಅನಂತಪುರದಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಸರ್ಕಾರಗಳು ಎಳೆಯುವ ಗೆರೆ ನಮ್ಮ ಕೈಯಲ್ಲಿಲ್ಲ. ಮನೆಮನೆಯ ನಡುವೆ ನಾವೇ ಎಳೆದುಕೊಂಡ ಗೆರೆಯನ್ನಾದರೂ ಅಳಿಸಬಹುದಲ್ಲವೇ?

ಇಲ್ಲೊಂದು ಎಚ್ಚರಿಕೆ ಅವಶ್ಯ. ‘ಹೋಗಲಿ, ಕ್ಷಮಿಸಿಬಿಡು’ ಎಂದು ನೊಂದವರನ್ನೇ ಒತ್ತಾಯಿಸುವುದು ಮತ್ತೊಂದು ಅನ್ಯಾಯ. ಹೆಣ್ಣುಮಕ್ಕಳ ಪಾಲು ಕಸಿದುಕೊಂಡು, ಬಳಿಕ ಅವರಿಗೆ ಸಹನೆಯನ್ನು ಬೋಧಿಸುವ ಹಿರಿತನ ನಮಗೆ ಬೇಡ. ಮೊದಲು ಒಪ್ಪಿಕೊಳ್ಳುವುದು, ಹಿಂದಿರುಗಿಸುವುದು. ಕ್ಷಮೆಯ ಮಾತು ಆಮೇಲೆ. ಹಿಂಸೆಗೆ ಕಾನೂನೂ, ಮನೋವ್ಯಾಧಿಗೆ ವೈದ್ಯರೂ ಇದ್ದೇ ಇದ್ದಾರೆ. ಅವರ ಸ್ಥಾನವನ್ನು ಯಾವ ಆಚರಣೆಯೂ ತುಂಬಲಾರದು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ. ಮಹೋತ್ಸವದ ಹಾರ ತುರಾಯಿಗಳ ನಡುವೆ, ಮಾತು ಬಿಟ್ಟ ಸಹಪಾಠಿಯನ್ನು ಹುಡುಕಿ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಇಬ್ಬರೂ ಗೌರವಿಸುವ ಹಿರಿಯರೊಬ್ಬರನ್ನು ಕರೆದು ವಿಷಯವನ್ನು ಅವರ ಮುಂದಿಡಿರಿ. ಅಂದು ಸಾಧ್ಯವಾಗದಿದ್ದರೆ, ಬರುವ ವಿಜಯದಶಮಿಯಂದು ತಾವು ಕಾಲಿಡದ ಮನೆಗೆ ಮೊದಲು ಬನ್ನಿ ಕೊಂಡೊಯ್ಯಿರಿ. ಶಾಲೆಯಲ್ಲಿ ಕಲಿತ ಕನ್ನಡ ಆ ಹೊಸ್ತಿಲಲ್ಲಿ ನಿಂತು ‘ತಪ್ಪಾಯಿತು’ ಎನ್ನಲು ಬಳಕೆಯಾದರೆ, ಐವತ್ತು ವರ್ಷಗಳ ಪಾಠ ಸಾರ್ಥಕವಾದಂತೆ.

— ನಿವೃತ್ತ ಮುಖ್ಯೋಪಾಧ್ಯಾಯ