ಅಗ್ಗದ ಔಷಧಿಯ ಇನ್ನೊಂದು ಮುಖ

ಔಷಧಿಯ ಬೆಲೆ ಇಳಿದಷ್ಟೂ ರೋಗಿಗೆ ಲಾಭವೆಂಬುದು ನಮ್ಮೆಲ್ಲರ ನಂಬಿಕೆ. ಬಹುಮಟ್ಟಿಗೆ ಅದು ನಿಜವೂ ಹೌದು. 2012ರಲ್ಲಿ ಹೈದರಾಬಾದಿನ ಕಂಪನಿಯೊಂದಕ್ಕೆ ಕಡ್ಡಾಯ ಪರವಾನಗಿ ದೊರೆತಾಗ, ಸೊರಾಫೆನಿಬ್ ಎಂಬ ಕ್ಯಾನ್ಸರ್ ಮಾತ್ರೆಯ ತಿಂಗಳ ವೆಚ್ಚವು ಸುಮಾರು 2,80,000 ರೂಪಾಯಿಗಳಿಂದ 8,800ಕ್ಕೆ ಇಳಿಯಿತು. ಹೊಲ ಮಾರಿ ಮದ್ದು ಕೊಳ್ಳುವ ಮನೆಗಳಿಗೆ ಇದಕ್ಕಿಂತ ಮಿಗಿಲಾದ ಸುದ್ದಿ ಉಂಟೇ?

ಆದರೆ 2023ರಲ್ಲಿ ಅಮೆರಿಕದಲ್ಲಿ ನಡೆದುದನ್ನೂ ಬಂಧುಗಳು ಗಮನಿಸಬೇಕು. ಸಿಸ್‌ಪ್ಲಾಟಿನ್ ಎಂಬುದು ಅಲ್ಲಿ 1978ರಿಂದ ಬಳಕೆಯಲ್ಲಿರುವ ಕ್ಯಾನ್ಸರ್ ಚುಚ್ಚುಮದ್ದು. ಅದರ ಪೇಟೆಂಟ್ ಅವಧಿ ಎಂದೋ ಮುಗಿದಿದೆ. ಆಸ್ಪತ್ರೆಗಳ ಪರವಾಗಿ ಸಗಟು ಖರೀದಿ ಮಾಡುವ ಕೆಲವೇ ದೊಡ್ಡ ಸಂಸ್ಥೆಗಳು ಇಂತಹ ಮದ್ದುಗಳ ಬೆಲೆಯನ್ನು ಇಳಿಸುತ್ತಲೇ ಬಂದವು. ಕ್ರಿಮಿರಹಿತ ಚುಚ್ಚುಮದ್ದಿನ ತಯಾರಿಕೆಯೋ ಬಲು ದುಬಾರಿ. ಚೌಕಾಸಿಗೂ ಒಂದು ಮಿತಿ ಬೇಡವೇ? ಲಾಭ ಕಾಣದ ತಯಾರಕರು ಹಿಂದೆ ಸರಿದರು. ಕೊನೆಗೆ ಆ ದೇಶದ ಅಗತ್ಯದ ಸುಮಾರು ಅರ್ಧ ಭಾಗಕ್ಕೆ ಗುಜರಾತಿನ ಒಂದೇ ಕಂಪನಿ ಆಧಾರವಾಯಿತು. 2022ರ ಕೊನೆಯಲ್ಲಿ ಅಮೆರಿಕದ ತಪಾಸಕರು ಅದರ ಕಾರ್ಖಾನೆಯಲ್ಲಿ ಗಂಭೀರ ಲೋಪಗಳನ್ನು ಕಂಡರು, ಉತ್ಪಾದನೆ ನಿಂತಿತು. ಕೆಲವೇ ತಿಂಗಳುಗಳಲ್ಲಿ, ಅಷ್ಟು ಸಿರಿವಂತ ದೇಶದ ವೈದ್ಯರು ಉಳಿದ ಮದ್ದನ್ನು ಯಾವ ರೋಗಿಗೆ ಮೊದಲು ಕೊಡುವುದೆಂದು ಲೆಕ್ಕ ಹಾಕುವಂತಾಯಿತು. ಚೀನಾದಿಂದ ತಾತ್ಕಾಲಿಕವಾಗಿ ತರಿಸಿಕೊಳ್ಳಲು ಅಲ್ಲಿನ ಅಧಿಕಾರಿಗಳು ಒಪ್ಪಬೇಕಾಯಿತು.