ನಾಮಪದವೆಂದರೆ ಹೆಸರೇ?

ಹೆಸರನ್ನು ಹೇಳುವುದು ನಾಮಪದ, ಕೆಲಸವನ್ನು ಹೇಳುವುದು ಕ್ರಿಯಾಪದ. ಇಂಗ್ಲಿಷು ಕಲಿಯಹೊರಟ ಬಾಲಕನಿಗೆ ಶಾಲೆಗಳಲ್ಲಿ ಉಣಿಸುವ ಮೊದಲ ತುತ್ತು ಇದು. ಇದನ್ನು ಗಟ್ಟಿಮಾಡಿ ಒಪ್ಪಿಸಿದವನು ಜಾಣನೆನಿಸುವನು. ‘ಅರೈವಲ್’ ಎಂಬುದು ಬರುವ ಕೆಲಸವಲ್ಲವೆ, ಅದೇಕೆ ಕ್ರಿಯಾಪದವಾಗದು ಎಂದು ಕೇಳಿದವನು ಮೊಂಡನೆನಿಸುವನು. ವಿಚಾರಿಸಿ ನೋಡಿದರೆ ಮೊಂಡನ ಪ್ರಶ್ನೆಯೇ ಶಾಸ್ತ್ರೀಯವಾದುದು. ‘ಅರೈವಲ್’ ಕೆಲಸವನ್ನೇ ಹೇಳಿಯೂ ನಾಮಪದ. ‘ಬಿಲಾಂಗ್’ ಯಾವ ಕೆಲಸವನ್ನೂ ಹೇಳದೆ ಕ್ರಿಯಾಪದ. ತರ್ಕಶಾಸ್ತ್ರದ ಮೊದಲ ಪಾಠವನ್ನು ಓದಿದವರೂ ಇದರಲ್ಲಿ ಅತಿವ್ಯಾಪ್ತಿ, ಅವ್ಯಾಪ್ತಿಗಳೆರಡನ್ನೂ ಕಾಣಬಲ್ಲರು.

ಪಾಣಿನಿಯು ಪದವನ್ನು ಅರ್ಥದಿಂದ ಲಕ್ಷಿಸಲಿಲ್ಲ. ಸುಪ್ ಪ್ರತ್ಯಯವಾಗಲಿ ತಿಙ್ ಪ್ರತ್ಯಯವಾಗಲಿ ಕೊನೆಯಲ್ಲಿರುವುದೇ ಪದವೆಂದನು. ಕನ್ನಡದ ಮಗುವಿಗೂ ಈ ವಿವೇಕವು ತಾಯ ಮಾತಿನೊಡನೆಯೇ ಬಂದಿರುವುದು. ‘ಹಾಡು’ ಎಂಬುದು ‘ಹಾಡನ್ನು’ ಎಂದಾದಾಗ ನಾಮ, ‘ಹಾಡಿದಳು’ ಎಂದಾದಾಗ ಕ್ರಿಯೆ. ಇಲ್ಲಿ ಯಾವ ಮಗುವೂ ತಡವರಿಸದು.

ಇಂಗ್ಲಿಷಿನಲ್ಲಿ ಪ್ರತ್ಯಯಗಳು ಬಹುಮಟ್ಟಿಗೆ ಸವೆದುಹೋಗಿ, ಅವುಗಳ ಕೆಲಸವನ್ನು ಸ್ಥಾನವು ವಹಿಸಿಕೊಂಡಿದೆ. ‘ದಿ ವಾಟರ್’ ಎಂದರೆ ನೀರು, ‘ಟು ವಾಟರ್’ ಎಂದರೆ ನೀರೆರೆಯುವುದು. ‘ರೆಕರ್ಡ್’ ಎಂಬಲ್ಲಿ ಮೊದಲಕ್ಷರವನ್ನು ಒತ್ತಿ ನುಡಿದರೆ ನಾಮ, ಎರಡನೆಯದನ್ನು ಒತ್ತಿದರೆ ಕ್ರಿಯೆ. (ಸ್ವರಭೇದದಿಂದ ಅರ್ಥಭೇದವಾಗುವುದು ವೇದಾಧ್ಯಾಯಿಗಳಿಗೇನೂ ಹೊಸತಲ್ಲ.) ಉಳಿದುಕೊಂಡಿರುವ ‘ಎಸ್’ ಎಂಬ ಪ್ರತ್ಯಯವಾದರೋ ಮಕ್ಕಳ ಪಾಲಿಗೆ ದೊಡ್ಡ ತೊಡಕು. ಅದು ನಾಮಕ್ಕೆ ಸೇರಿದರೆ ಬಹುವಚನ, ಕ್ರಿಯೆಗೆ ಸೇರಿದರೆ ಏಕವಚನ! ‘ಹುಡುಗರು ಓಡುವರು’ ಎಂದು ಎರಡೆಡೆಯೂ ಬಹುವಚನದ ಗುರುತನ್ನು ಕಂಡ ಬಾಲಕನು ‘ಬಾಯ್ಸ್ ರನ್ಸ್’ ಎಂದು ಬರೆಯುವನು. ಅವನ ಮನಸ್ಸಿನಲ್ಲಿ ಕರ್ತೃಕ್ರಿಯೆಗಳ ಹೊಂದಾಣಿಕೆಯ ನಿಯಮವು ಭದ್ರವಾಗಿ ನಿಂತಿರುವುದಕ್ಕೆ ಈ ತಪ್ಪೇ ಸಾಕ್ಷಿ. ಆದರೂ ಕನ್ನಡದಲ್ಲಿ ಎರಡು ಮಾತು ವಿವರಿಸಬೇಕಾದೆಡೆ ಕೆಂಪು ಶಾಯಿಯ ಗೆರೆ ಬೀಳುವುದು, ಹುಡುಗನು ದಡ್ಡರ ಸಾಲಿಗೆ ಸೇರುವನು.

ಇಂಗ್ಲಿಷಿನವರೇ ಹೀಗೆ ಕಲಿಸಿದರೆಂಬ ಸಮಾಧಾನವೂ ನಿಲ್ಲುವಂತಹುದಲ್ಲ. ಅವರು ಈ ಚೌಕಟ್ಟನ್ನು ಲ್ಯಾಟಿನ್ ವ್ಯಾಕರಣದಿಂದ ಎರವಲು ತಂದವರು. 1795ರಲ್ಲಿ ಪ್ರಕಟವಾದ ಲಿಂಡ್ಲಿ ಮರ್ರೆಯವರ ವ್ಯಾಕರಣವು ಅದನ್ನು ಶಾಲೆಶಾಲೆಗೆ ಹಬ್ಬಿಸಿತು. ಅಮೆರಿಕದ ಚಾರ್ಲ್ಸ್ ಫ್ರೀಸ್ ಎಂಬ ಪಂಡಿತರು ಜನರು ದೂರವಾಣಿಯಲ್ಲಿ ಆಡಿದ ಮಾತುಗಳನ್ನೇ ಪರೀಕ್ಷಿಸಿ, ಅರ್ಥದ ಲಕ್ಷಣಗಳನ್ನು ಕೈಬಿಟ್ಟು, ವಾಕ್ಯದಲ್ಲಿನ ಸ್ಥಾನವನ್ನು ನೋಡಿ ಪದಗಳನ್ನು ವಿಂಗಡಿಸಿದ ಗ್ರಂಥವು 1952ರಲ್ಲಿಯೇ ಹೊರಬಂದಿತು. ಹಳೆಯ ಲಕ್ಷಣವು ಮಾತ್ರ ಇಂದಿಗೂ ಮಕ್ಕಳ ನಾಲಗೆಯನ್ನು ಬಿಟ್ಟಿಲ್ಲ.

ಕನ್ನಡ ವ್ಯಾಕರಣವನ್ನು ಬದಿಗಿರಿಸಿದ ಹೊರತು ಇಂಗ್ಲಿಷು ಬಾರದೆಂದು ನಂಬಿರುವ ತಂದೆತಾಯಿಗಳು ಈ ಸಂಜೆ ಮಗುವನ್ನು ಹತ್ತಿರ ಕೂರಿಸಿಕೊಂಡು ‘ವಾಟರ್’ ಯಾವ ಪದವೆಂದು ಕೇಳಲಿ. ‘ಮೊದಲು ವಾಕ್ಯವನ್ನು ಹೇಳಿ’ ಎಂದು ಮಗುವು ತಿರುಗಿ ಕೇಳಿದರೆ ಪಾಠವು ಸರಿಯಾಗಿ ನಡೆದಿದೆ. ‘ನಾಮಪದ’ವೆಂದು ಕೂಡಲೇ ಒಪ್ಪಿಸಿಬಿಟ್ಟರೆ ಮರುದಿನ ಉಪಾಧ್ಯಾಯರನ್ನು ಕಾಣುವುದು ಯುಕ್ತ.