ಸ್ಕ್ರೀನ್ ಆಮ್ಯಾಲ, ಮೊದಲ ಗಾಳಿ ಗುಂಡಿ ತಿಳ್ಕೋರಿ

ಕಾರಿನ ಕಂಪನಿ ಟೇಪ್ ತಗಸಿ ದೊಡ್ಡ ಸ್ಕ್ರೀನ್ ಹಾಕಸೂದು ಈಗ ನಮ್ಮ ಓಣ್ಯಾಗ ಒಂದು ಹುಚ್ಚಾಗೇದ. ಹಾಕಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅಂಗಡ್ಯಾಂವ ವೈರ್ ಕತ್ತರಸಾಕ ಪಕ್ಕಡ ಹಿಡದ್ರ ‘ತಡೀಪಾ’ ಅನ್ರಿ. ಕಂಪನಿ ವೈರಿಗೆ ಸೀದಾ ಕೂಡೋ ಕಪ್ಲರ್ ಸಿಗ್ತದ, ಅದನ್ನ ಕೇಳ್ರಿ. ಹೊಸಾ ಟೇಪಿನ ಹಳದಿ ವೈರು ಯಾವಾಗ್ಲೂ ಬ್ಯಾಟರಿಗೆ, ಕೆಂಪು ಚಾವಿ ತಿರುವಿದಾಗಷ್ಟ, ಕರೀದು ಅರ್ಥಿಂಗಿಗೆ. ಹಳದಿ ಕೆಂಪು ಎರಡೂ ಕೂಡಿಸಿ ಬ್ಯಾಟರಿಗೆ ಸುತ್ತಿಬಿಟ್ರ ಚಾವಿ ತಗದ್ರೂ ಟೇಪು ಆರೂದಿಲ್ಲ, ಬ್ಯಾಟರಿ ಇಳೀತದ. ‘ಬಾಯಾರಿಗೆ ಇದೆಲ್ಲಾ ಯಾಕ್ರೀ’ ಅಂತಾರ. ಯಾಕಂದ್ರ ರೊಕ್ಕ ನಮ್ದೂ ಅದ!

9 ಇಂಚಿನ ಸ್ಕ್ರೀನು ಕೆಲವು ಗಾಡ್ಯಾಗ ನಡುವಿನ ಗಾಳಿ ಕಿಂಡಿಗೆ ಅಡ್ಡ ನಿಲ್ತದ. ಅದನ್ನ ಯಾರೂ ನೋಡೂದಿಲ್ಲ. ಮಳ್ಯಾಗ ಚೋರ್ಲಾ ಘಾಟ ಇಳಿಯೂಮುಂದ ಮುಂದಿನ ಗ್ಲಾಸು ಮಬ್ಬಾದ್ರ ನಮ್ಮ ಯಜಮಾನ್ರುಗಳು ಒಂದು ಕೈಲೆ ಸ್ಟೇರಿಂಗ್, ಒಂದು ಕೈಲೆ ಅರಿವಿ. ಹಿಂದ ಹುಡುಗ್ರು ಕೂತಿರ್ತಾವ ಅನ್ನೂ ಖಬರೂ ಇರೂದಿಲ್ಲ.

ಒಳಗಿನ ಆ ಮಬ್ಬು ನಮ್ಮ ಉಸಿರಿನ ಹಸೀರೀ. ಕಾರಿನೊಳಗ ಬಾಣ ತಿರುಗಿದ ಚಿತ್ರದ ಗುಂಡಿ ಬಂದ್ ಮಾಡ್ರಿ, ಹೊರಗಿನ ಗಾಳಿ ಬರ್ಲಿ. ಗಾಳಿ ಮುಂದಿನ ಗ್ಲಾಸಿಗೆ ತಿರುಗಸ್ರಿ, ಏಸಿ ಹಚ್ಚರಿ, ಅದು ಗಾಳಿ ಒಣಗಸ್ತದ. ಥಂಡಿ ಆದ್ರ ಗುಂಡಿ ಕೆಂಪಿನ ಕಡೆ. ಆ ಬಿಸಿ ಎಂಜಿನ್ ಸುತ್ತ ಕಾದ ನೀರಿಂದು, ಪುಕ್ಕಟ. ಏಸಿಗೆ ಪೆಟ್ರೋಲ್ ಹೋಗ್ತದ, ಖರೆ. ಘಾಟ ಇಳಿಯೂತನಕ ಹೋಗ್ಲಿ ಬಿಡ್ರಿ.